ಓದದೆ ತಳ್ಳಿದ ಸಾಲು

ಶ್ರೀನಿವಾಸಪುರ
ಜನವರಿ 24, 2025

ಧನೂ,

ಇದನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಪೋಸ್ಟ್‌ಮ್ಯಾನ್ ನಿನ್ನ ಸಹಿ ಹಾಕಿಸಿಕೊಂಡೇ ಕೈಗೆ ಕೊಡುತ್ತಾನೆ. ಇದು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಲು ಬರುವ ನೋಟಿಫಿಕೇಶನ್ ಅಲ್ಲ. ಬೇಡವಾದರೆ ಹರಿದು ಹಾಕು. ಹರಿಯುವುದಕ್ಕಾದರೂ ಒಮ್ಮೆ ಕೈಗೆ ತೆಗೆದುಕೊಳ್ಳಬೇಕಲ್ಲ.

ಬುಧವಾರ ಕೋಲಾರದಲ್ಲಿ ಏನಾಯಿತೆಂದು ನೀನು ಕೇಳಿಲ್ಲ. ನಾನೇ ಹೇಳುತ್ತೇನೆ. ಮಧ್ಯಾಹ್ನ ಮೂರಕ್ಕೆ ಇದ್ದ ನನ್ನ ಸಸ್ಪೆನ್ಶನ್ನಿನ ವಿಚಾರಣೆಯನ್ನು, ಅದನ್ನು ನಡೆಸಲು ಕಂಪನಿ ನೇಮಿಸಿದ ವಕೀಲರು ಹನ್ನೊಂದಕ್ಕೇ ಎಳೆದರು. ಬೆಳಿಗ್ಗೆ ನನಗೆ ಫೋನ್ ಬಂತು. ತಕ್ಷಣ ನಿನಗೆ ಕಾಲ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪ್ ಮಾಡಿದೆ: ‘ಹನ್ನೊಂದಕ್ಕೇ ಇದೆ. ಈಗಲೇ ಹೊರಡು. ನೀನು ಬರದಿದ್ದರೆ ನನ್ನದು ಮುಗೀತು.’ ಎರಡು ಬೂದು ಗುರುತು ಬಂದವು. ವಿಚಾರಣೆ ಮುಗಿಯುವವರೆಗೂ ನೀಲಿ ಆಗಲಿಲ್ಲ.

ನಮ್ಮ ಸೂಪರ್‌ವೈಸರ್ ವೆಂಕಟ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ವಕೀಲರು, “ಏನಮ್ಮ, ನಿಮ್ಮ ಸಾಕ್ಷಿ ಎಲ್ಲಿ?” ಅಂದರು.

“ಬರ್ತಾಳೆ ಸಾರ್,” ಅಂದೆ.

“ಮಾಲೂರ್ ಬಸ್ಸು ಪಂಕ್ಚರ್ ಆಗಿರ್ಬೇಕು ಸಾರ್,” ಅಂದ ವೆಂಕಟ್. ವಕೀಲರೂ ನಕ್ಕರು. ಆ ನಗುವಿನ ಎದುರು ನಾನು ಒಬ್ಬಳೇ ಕುಳಿತಿದ್ದೆ. ಕೊನೆಯ ಅವಕಾಶ ಎಂದು ಮಾರ್ಚ್ 26ಕ್ಕೆ ಮುಂದಕ್ಕೆ ಹಾಕಿದರು.

ಡಿಸೆಂಬರಿನ ಆ ಮಧ್ಯಾಹ್ನ ನಾನು ಐಫೋನ್ ಮೇಜಿನಲ್ಲಿದ್ದೆ, ನೀನು ಎದುರಿನ ಆಂಡ್ರಾಯ್ಡ್ ಮೇಜಿನಲ್ಲಿದ್ದೆ. ಪಾಳಿ ಪೂರ್ತಿ ನಿಂತೇ ಕೆಲಸ ಮಾಡುವ ಹೆಂಗಸರಿಗೆ ಸ್ಟೂಲು ಕೊಡಿ ಎಂದು ಕೇಳಿದ್ದಕ್ಕೆ ವೆಂಕಟ್ ನನ್ನ ಕೈಯಲ್ಲಿದ್ದ ಫೋನು ಕಿತ್ತ, ಅದು ಬಿದ್ದು ಒಡೆಯಿತು. ನಾನೇ ಅವನ ಮುಖಕ್ಕೆ ಎಸೆದೆ ಎಂದು ಬರೆದು ಸಸ್ಪೆಂಡ್ ಮಾಡಿದರು. ಉಳಿದವರೆಲ್ಲ ಶಬ್ದ ಕೇಳಿದ ಮೇಲೆ ತಿರುಗಿದವರು. ಅದಕ್ಕೆ ಮೊದಲೇ ನನ್ನ ಕಡೆ ನೋಡುತ್ತಿದ್ದವಳು ನೀನೊಬ್ಬಳೇ.

ಮೆಸೇಜು ಕಾಣಲಿಲ್ಲ ಎಂದು ಮಾತ್ರ ಬರೆಯಬೇಡ. ಹಳೆಯ ಫೋನುಗಳನ್ನು ರಿಪೇರಿ ಮಾಡಿ ಮಾರುವ ಕಂಪನಿಯಲ್ಲಿ ನಾವು ದಿನವಿಡೀ ಮಾಡಿದ್ದೇ ನೋಟಿಫಿಕೇಶನ್ ಪರೀಕ್ಷೆ. ನಿನ್ನದು ಐಫೋನ್ ಆಗಿದ್ದರೆ ಸಂಶಯದ ಲಾಭ ಕೊಡುತ್ತಿದ್ದೆ. ಅದು ದೊಡ್ಡವರ ಮನೆಯ ಆಳಿನ ಹಾಗೆ. ಒಮ್ಮೆ ಲಾಕ್ ತೆಗೆದರೆ ಸಾಕು, ಹಳೆಯವನ್ನೆಲ್ಲ ಒಳಗೆ ಸೇರಿಸಿಡುತ್ತದೆ, ನೀನೇ ಎಳೆದು ನೋಡಬೇಕು. ತುರ್ತಲ್ಲದ್ದನ್ನು ಗಂಟು ಕಟ್ಟಿ ಸಂಜೆ ಕೊಡು ಎಂದರೆ ಹಾಗೂ ಮಾಡುತ್ತದೆ. ಆಂಡ್ರಾಯ್ಡ್‌ಗೆ ಆ ನಾಜೂಕು ಇಲ್ಲ. ನೀನಾಗಿ ತೆಗೆಯುವವರೆಗೂ ಮೇಲಿನ ಅಂಚಿನಲ್ಲಿ ಗುರುತು ಕೂತೇ ಇರುತ್ತದೆ. ನನ್ನ ಮೂರು ಸಣ್ಣ ವಾಕ್ಯಗಳು ಪಟ್ಟಿಯಲ್ಲೇ ಪೂರ್ತಿ ಕಾಣುತ್ತವೆ. ಅಲ್ಲೇ ಓದಿ ಪಕ್ಕಕ್ಕೆ ತಳ್ಳಿದರೆ ನೀಲಿ ಗುರುತು ಬೀಳುವುದಿಲ್ಲ. ಹೇಡಿಗಳೆಲ್ಲ ಹೀಗೇ ಮಾಡುತ್ತಾರೆ. ನೀನೂ ಮಾಡಿದೆ.

ಉತ್ತರಕ್ಕಲ್ಲ, ನಿನ್ನ ಸಹಿಗೆ ಕಾಯುತ್ತಿರುವ
ಶ್ವೇತ


ಮಾಲೂರು
ಫೆಬ್ರವರಿ 2, 2025

ಶ್ವೇತಕ್ಕ,

ನಿನ್ನ ಕಾಗದ ಬಂದಾಗ ಪೀಜಿಯ ಶ್ಯಾಮಲಮ್ಮ ಬಾಗಿಲಲ್ಲೇ ನಿಂತು, “ಏನೇ, ಕೋರ್ಟ್ ನೋಟೀಸಾ? ಯಾರ್ ಜೊತೆ ಓಡ್ಹೋಗಿದ್ದೆ?” ಅಂದರು. ಎಲ್ಲರ ಎದುರು ಸಹಿ ಹಾಕಿದೆ. ಓದಿದ ಮೇಲೆ ಅವರು ಹೇಳಿದ್ದೇ ಸರಿ ಅನ್ನಿಸಿತು, ನೋಟೀಸೇ.

ನಾನು ಬಂದಿದ್ದೆ ಅಕ್ಕ. ಮೂರಕ್ಕೆ ಬಂದಿದ್ದೆ. ವಕೀಲರ ಆಫೀಸಿನ ಮೆಟ್ಟಿಲು ಹತ್ತಿದರೆ ಬೀಗ. ಕೆಳಗಿನ ಜೆರಾಕ್ಸ್ ಅಂಗಡಿಯವರು, “ಬೆಳಗ್ಗೇನೇ ಮುಗೀತಲ್ಲಮ್ಮ, ಒಂದು ಹುಡುಗಿ ಅಳ್ತಾ ಹೋಯ್ತು,” ಅಂದರು. ನೀನು ಅಳುವವಳಲ್ಲ, ಬೇರೆ ಯಾರೋ ಇರಬೇಕು ಅಂದುಕೊಂಡೆ. ಆಮೇಲೆ ವಾಟ್ಸಾಪ್ ತೆಗೆದೆ. ಅಲ್ಲಿತ್ತು ನಿನ್ನ ಮೆಸೇಜು. ಆಗ ಫೋನ್ ಮಾಡಿದೆ, ನೀನು ಕಟ್ ಮಾಡಿದೆ. ಮತ್ತೆ ಮಾಡಿದರೆ ಹೋಗಲೇ ಇಲ್ಲ.

ಏನಾಯಿತು ಎಂದು ಹೇಳುತ್ತೇನೆ. ನಂಬುವುದು ನಿನಗೆ ಬಿಟ್ಟದ್ದು. ಆ ವಾರ ನನಗೆ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಫೋನು ಸೈಲೆಂಟಿಗೆ ಹಾಕಿ ಮಲಗಿದ್ದೆ. ಮಧ್ಯೆ ಎಚ್ಚರವಾಯಿತು, ಪರದೆ ಬೆಳಗುತ್ತಿತ್ತು, ಮೇಲೆ ಒಂದರ ಮೇಲೊಂದು ನೋಟಿಫಿಕೇಶನ್ ಪಟ್ಟಿ. ನನ್ನ ಹೆಬ್ಬೆರಳು ಎಲ್ಲವನ್ನೂ ತಳ್ಳಿತು. ನಾನು ತಳ್ಳಿದೆ ಎಂದು ಬರೆಯುವುದಕ್ಕೆ ಮನಸ್ಸು ಬರುತ್ತಿಲ್ಲ. ಕೈ ತಳ್ಳಿತು. ಮಗ್ಗುಲು ಬದಲಾಯಿಸಿ ಮಲಗಿಬಿಟ್ಟೆ.

ನಿನಗೆ ಗೊತ್ತಿಲ್ಲವೇ ಆ ಕೆಲಸ? ಫೋನಿಗೆ ಟೆಸ್ಟ್ ಮೆಸೇಜು ಹೋಗುತ್ತದೆ, ಪಟ್ಟಿ ಇಳಿಯುತ್ತದೆ, ತಳ್ಳಬೇಕು, ಮುಂದಿನ ಫೋನು. ಅಕ್ಷರ ಒಡೆದಿದೆಯೇ ಎಂದು ಆ ಸಾಲನ್ನು ಓದಿ ನೋಡಬೇಕೆಂಬ ನಿಯಮವಿದೆ. ಯಾರೂ ಓದುವುದಿಲ್ಲ. ಓದುತ್ತಾ ನಿಂತರೆ ವೆಂಕಟ್ ಸರ್ ಹೇಳಿದಷ್ಟು ಫೋನು ಮುಗಿಯುವುದಿಲ್ಲ. ಪಟ್ಟಿ ಇಳಿದರೆ ಸಾಕು, ಕೈಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಆ ಸಾಲಿನಲ್ಲಿ ಏನು ಬರೆದಿದೆ ಎಂದು ಈಗಲೂ ನನ್ನನ್ನು ಕೇಳಿದರೆ ಹೇಳಲಾರೆ. ಹೋದ ತಿಂಗಳು ಬೈರಕೂರಿನಲ್ಲಿ ಅಮ್ಮ ಊಟಕ್ಕೆ ಕರೆದಾಗ ಅವಳ ಮುಖದ ಮುಂದೆ ಗಾಳಿಯಲ್ಲೇ ಹೀಗೆ ಕೈ ಆಡಿಸಿದೆನಂತೆ. “ನಾನೇನು ನೊಣಾನೇನೇ?” ಅಂದಳು. ನಗುತ್ತಲೇ ಅಂದಳು.

ಆಂಡ್ರಾಯ್ಡ್ ಫೋನಿನಲ್ಲಿ ಹಳೆಯ ನೋಟಿಫಿಕೇಶನ್‌ಗಳನ್ನು ಒಂದು ದಿನದ ಮಟ್ಟಿಗೆ ಇಟ್ಟುಕೊಳ್ಳುವ ಜಾಗವಿದೆ ಎಂದು ನೀನೇ ಹೇಳಿಕೊಟ್ಟಿದ್ದೆ. ಐಫೋನಿನಲ್ಲಿ ಅದೂ ಇಲ್ಲ, ತಳ್ಳಿದರೆ ಹೋಯಿತು ಅನ್ನುತ್ತಿದ್ದೆ. ಹುಡುಕಿ ನೋಡಿದೆ, ನನ್ನದರಲ್ಲಿ ಅದು ಆನ್ ಆಗಿರಲಿಲ್ಲ. ನಾವಾಗಿ ಆನ್ ಮಾಡಿದರೆ ಮಾತ್ರ ಅಂತೆ. ನಾನು ಓದದೆ ತಳ್ಳಿದೆ ಎನ್ನುವುದಕ್ಕೆ ಪುರಾವೆ ಇಲ್ಲ. ಓದಿ ತಳ್ಳಿದೆ ಎನ್ನುವುದಕ್ಕೂ ಇಲ್ಲ.

ಮಾರ್ಚ್ 26ಕ್ಕೆ ಖಂಡಿತ ಬರುತ್ತೇನೆ. ನೋಡಿದ್ದನ್ನು ಹೇಳುತ್ತೇನೆ. ಕೆಲಸದ ಭಯ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಈ ಕೆಲಸ ಹೋದರೆ ಅಮ್ಮ ನನ್ನನ್ನು ತನ್ನ ತಮ್ಮ ವೇಣುಗೋಪಾಲ್ ಮಾವನಿಗೆ ಕಟ್ಟುತ್ತಾಳೆ, ಅದು ನಿನಗೆ ಗೊತ್ತು. ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುರುಡುಮಲೆ ಗಣಪತಿ ತೋರಿಸಿದ ಮನುಷ್ಯ. ಅವನ ಪಕ್ಕ ಹೇಗೆ ಮಲಗುವುದು ಅಕ್ಕ? ಕಂಪನಿ ಇರುವವರೆಗೆ, “ಇನ್ನೊಂದು ವರ್ಷ ದುಡೀಲಿ” ಅನ್ನುತ್ತಾಳೆ. ಅದೊಂದೇ ನನಗಿರುವುದು. ಆದರೂ ಬರುತ್ತೇನೆ.

ನಿನ್ನ ಎದುರು ಮೇಜಿನವಳು,
ಧನು


ಶ್ರೀನಿವಾಸಪುರ
ಫೆಬ್ರವರಿ 19, 2025

ಧನೂ,

ನೀನು ಮೂರಕ್ಕೆ ಬಂದಿದ್ದೆ ಎನ್ನುವುದನ್ನು ನಾನು ನಂಬುವುದಿಲ್ಲ. ಅಂದು ಅಲ್ಲಿ ಯಾರೂ ಅತ್ತಿಲ್ಲ. ಕೈಯ ವಿಷಯ ಮಾತ್ರ ನಂಬುತ್ತೇನೆ. ಅಂಥದ್ದನ್ನು ಕಟ್ಟಿ ಹೇಳುವ ಶಕ್ತಿ ನಿನಗಿಲ್ಲ.

ನಿನ್ನ ಕಾಗದ ಓದಿ ಮಲಗಲಾಗಲಿಲ್ಲ. ದುಡಿಮೆ ಮನುಷ್ಯನನ್ನು ಏನು ಮಾಡುತ್ತದೆ ಎಂದು ಎಷ್ಟು ಕಿರುಹೊತ್ತಿಗೆ ಓದಿದ್ದೇನೆ. ಎಲ್ಲದರಲ್ಲೂ ದೊಡ್ಡ ದೊಡ್ಡ ಮಾತು. ನೀನು ಒಂದು ಹೆಬ್ಬೆರಳಿನಲ್ಲಿ ಹೇಳಿಬಿಟ್ಟೆ. ಐಫೋನ್ ಒಳ್ಳೆಯದೋ ಆಂಡ್ರಾಯ್ಡ್ ಒಳ್ಳೆಯದೋ ಎಂದು ನಾವು ಊಟದ ಹೊತ್ತಿನಲ್ಲಿ ಜಗಳವಾಡುತ್ತಿದ್ದೆವಲ್ಲ, ಅದು ಎಂಥ ದಡ್ಡತನ ಎಂದು ಈಗ ಗೊತ್ತಾಯಿತು. ಒಂದು ಸದ್ದಿಲ್ಲದೆ ಮುಚ್ಚಿಡುತ್ತದೆ, ಇನ್ನೊಂದು ಎಲ್ಲವನ್ನೂ ಒಟ್ಟಿಗೆ ಕೂಗಿ ಕಿವುಡು ಮಾಡುತ್ತದೆ. ಯಾರ ಮಾತು ತುರ್ತು, ಯಾರದಲ್ಲ ಎಂದು ತೀರ್ಮಾನಿಸುವವನೇ ಒಡೆಯ. ನಮ್ಮ ಮೇಜುಗಳಲ್ಲಿ ಆ ತೀರ್ಮಾನವನ್ನು ಮನುಷ್ಯರ ಬೆರಳಿಗೇ ಹೊಲಿದುಬಿಟ್ಟಿದ್ದಾರೆ. ತಾಯಿಯನ್ನೂ ತಳ್ಳುವ ಬೆರಳಿಗೆ.

ಆದ್ದರಿಂದ ಅಚ್ಚು ಹಾಕಿಸಿದ್ದೇನೆ. ಕರಪತ್ರದ ಹೆಸರು ‘ಈ ಕೈ ಯಾರದು?’ ನಿನ್ನ ಮಾತನ್ನು ಒಂದಕ್ಷರ ತಿದ್ದಿಲ್ಲ. ‘ಓದಿ ನೋಡಬೇಕೆಂಬ ನಿಯಮವಿದೆ. ಯಾರೂ ಓದುವುದಿಲ್ಲ’ ಎನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿದೆ. ಕೆಳಗೆ ನಿನ್ನ ಹೆಸರು, ಮೇಜು, ಊರು. ಹೆಸರಿಲ್ಲದ ಸತ್ಯವನ್ನು ಯಾರು ಬೇಕಾದರೂ ಅಲ್ಲಗಳೆಯಬಹುದು. ಮಾಲೂರು ಸ್ಟೇಷನ್ ಹೊರಗೆ, ಕಂಪನಿಯ ಗೇಟಿನ ಎದುರು, ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ನಾನೇ ಗೋಂದು ಹಚ್ಚಿ ಅಂಟಿಸಿದೆ. ಮುಳಬಾಗಿಲಿನಲ್ಲಿ ಒಬ್ಬ ಮುದುಕ ನಿಂತು ಪೂರ್ತಿ ಓದಿದ. “ಎವುರಮ್ಮಾ, ಯಾರಮ್ಮಾ ಈ ಹುಡುಗಿ, ಪಾಪ,” ಅಂದ. ಪಾಪ ಅಲ್ಲ ತಾತ, ಸಾಕ್ಷಿ, ಅಂದೆ.

ನಿನ್ನನ್ನು ಕೇಳಬೇಕಿತ್ತು ಎಂದು ನೀನು ಬರೆಯುತ್ತೀಯ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ.

ಸೋದರಮಾವನ ಮದುವೆಯ ಭಯ ನಿನಗಿದೆ ಎಂದು ನಮ್ಮೆಲ್ಲರ ಹೋರಾಟ ಕಾಯುತ್ತಾ ಕೂರಲಾರದು. ಬೇಡ ಅನ್ನಲು ಬಾಯಿ ಸಾಕು. ಸಂಬಳ ಬೇಕಿಲ್ಲ.

ಸತ್ಯದ ಕಡೆ ನಿಂತಿರುವ
ಶ್ವೇತ


ಬೈರಕೂರು
ಮಾರ್ಚ್ 6, 2025

ಶ್ವೇತಕ್ಕ,

ಮೇಲಿನ ಊರಿನ ಹೆಸರು ನೋಡಿದರೇ ನಿನಗೆ ಗೊತ್ತಾಗುತ್ತದೆ. ಪೀಜಿ ಖಾಲಿ ಮಾಡಿದೆ.

ಗೇಟಿನ ಎದುರು ಅಂಟಿಸಿದ್ದನ್ನು ಸೆಕ್ಯುರಿಟಿಯವರು ಕಿತ್ತು ವೆಂಕಟ್ ಸರ್‌ಗೆ ಕೊಟ್ಟಿದ್ದರು. ಅವರು ನನ್ನನ್ನು ಕ್ಯಾಬಿನ್ನಿಗೆ ಕರೆದು, ದಪ್ಪ ಅಕ್ಷರದ ಮೇಲೆ ಬೆರಳಿಟ್ಟು, “ಜೋರಾಗಿ ಓದಮ್ಮ, ಓದೋಲ್ಲ ಅಂತ ಬರ್ದಿದ್ದೀಯಲ್ಲ, ಇದನ್ನಾದ್ರೂ ಓದು,” ಅಂದರು. ಓದಿದೆ.

“ಇದು ನಿನ್ನ ಮಾತೇನಾ?”

ನಾನು ಕರಪತ್ರವನ್ನು ಅವರ ಕಡೆಗೆ ಸರಿಸಿದೆ.

“ಪರೀಕ್ಷೆ ಮಾಡ್ದೆ ಪಾಸ್ ಮಾಡಿದ್ದೀನಿ ಅಂತ ಊರಿಗೆಲ್ಲ ಸಾರಿದ್ದೀಯ. ಕೊಂಡ್ಕೊಂಡೋರು ನಾಳೆ ಇದನ್ನ ತಂದು ನಮ್ ಮುಖಕ್ಕೆ ಹಿಡಿದ್ರೆ?” ಅಂದರು. ನನ್ನ ಗೇಟ್ ಪಾಸನ್ನು ಅಲ್ಲೇ ತೆಗೆದುಕೊಂಡರು. ಪಕ್ಕದ ಮೇಜಿನ ಸುನಂದ ನನ್ನ ಟಿಫಿನ್ ಡಬ್ಬಿ ತಂದುಕೊಟ್ಟಳು. ಮುಖ ನೋಡಲಿಲ್ಲ. ‘ಯಾರೂ ಓದುವುದಿಲ್ಲ’ ಎಂದರೆ ಅವಳೂ ಸೇರಿದಳಲ್ಲ. ನಾಳೆ ಅವಳನ್ನೂ ಕರೆಯಬಹುದು.

ಬಾಗಿಲವರೆಗೆ ಬಂದಾಗ ವೆಂಕಟ್ ಸರ್ ಹಿಂದಿನಿಂದ, “ಇಪ್ಪತ್ತಾರಕ್ಕೆ ಕೋಲಾರಕ್ಕೆ ಬರ್ತೀಯಲ್ಲ, ಅವತ್ತು ಏನ್ ನೋಡ್ದೆ ಅಂತ ಚೆನ್ನಾಗಿ ಜ್ಞಾಪಿಸ್ಕೊಂಡ್ ಬಾ. ಆಮೇಲೆ ಮಾತಾಡೋಣ,” ಅಂದರು. ದನಿಯಲ್ಲಿ ಕೋಪವೇ ಇರಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಮುಳಬಾಗಿಲಿನಿಂದ ಮೊದಲೇ ಸುದ್ದಿ ಬಂದಿತ್ತು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಮಗಳ ಹೆಸರು ಇದೆ ಎಂದರೆ ಜನ ಏನೆಂದುಕೊಳ್ಳುತ್ತಾರೋ ನಿನಗೆ ಗೊತ್ತಿರಲಿಕ್ಕಿಲ್ಲ. ಓದು ಬಾರದವರು ಇನ್ನೂ ಹೆಚ್ಚು ಅಂದುಕೊಳ್ಳುತ್ತಾರೆ. “ಇಂಕ ಚಾಲೇ ಅಮ್ಮಾಯಿ, ಸಾಕು ನಿನ್ನ ಕಂಪನಿ,” ಅಂದಳು. ಏಪ್ರಿಲ್ ಕೊನೆಗೆ ದಿನ ನೋಡಿಸಿದ್ದಾಳೆ. ವೇಣು ಮಾವ ಸಂಜೆ ಬಂದು ಜಗಲಿಯಲ್ಲಿ ಕುಳಿತ. ಮೊದಲೆಲ್ಲ, “ಏನೇ ಧನು” ಅನ್ನುತ್ತಿದ್ದವನು ಈಗ ಮಾತೇ ಆಡಲಿಲ್ಲ. ನಾನು ನೀರು ಕೊಟ್ಟಾಗ ಲೋಟ ತೆಗೆದುಕೊಳ್ಳುವುದಕ್ಕೆ ನಾಚಿಕೊಂಡ. ನಾನು ಒಳಗೆ ಅಮ್ಮನ ಬಳಿ ಹೋದೆ. ಬೇಡ ಎಂದು ಬಾಯಿಯಲ್ಲಿ ಹೇಳಿದೆ. ನೀನು ಹೇಳಿದ ಹಾಗೇ ಹೇಳಿದೆ. ಅಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. “ಸರಿ, ಮಾಡ್ಕೊಳ್ದೆ ಎಲ್ಲಿಗ್ ಹೋಗ್ತೀಯ ಹೇಳು,” ಅಂದಳು.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಒಂದೇ ಒಂದು ಕೇಳುತ್ತೇನೆ. ಆ ಮಾತುಗಳು ಧನಶ್ರೀಯವಲ್ಲ, ಕರಪತ್ರಕ್ಕಾಗಿ ನಾನೇ ಕಟ್ಟಿ ಬರೆದದ್ದು ಎಂದು ಕಂಪನಿಗೆ ಒಂದು ಸಾಲು ಬರೆದುಕೊಡು. ನಿನ್ನನ್ನು ಹೇಗೂ ಹೊರಗೆ ಹಾಕಿದ್ದಾರೆ, ನಿನ್ನ ವಿಚಾರಣೆಯೇ ಬೇರೆ, ಇದರಿಂದ ನಿನಗೇನೂ ಆಗುವುದಿಲ್ಲ. ನನ್ನ ಮೇಜು ನನಗೆ ಸಿಕ್ಕರೆ ನಾನು ಮಾಲೂರಿಗೆ ಹೋಗಬಹುದು. ಇಪ್ಪತ್ತಾರಕ್ಕೆ ಅಲ್ಲಿಂದಲೇ ಬರುತ್ತೇನೆ. ನಿನ್ನ ಕಡೆಗೇ ಬರುತ್ತೇನೆ.

ಒಂದು ಸಾಲು ಅಕ್ಕ.

ಧನು


ಶ್ರೀನಿವಾಸಪುರ
ಮಾರ್ಚ್ 13, 2025

ಧನಶ್ರೀ,

ಬರೆಯಲಾರೆ.

ಕಷ್ಟ ಎಂದಲ್ಲ, ಆ ಸಾಲು ಸುಳ್ಳು. ಫೋನು ಎಸೆದೆ ಎಂದು ಒಂದು ಸುಳ್ಳು ಸಾಲು ಬರೆದಿದ್ದಕ್ಕೆ ನಾನು ಅವರ ವಿರುದ್ಧ ನಿಂತಿದ್ದೇನೆ. ನಿನಗಾಗಿ ಇನ್ನೊಂದು ಸುಳ್ಳು ಸಾಲು ನಾನೇ ಬರೆದರೆ ವೆಂಕಟ್‌ಗೂ ನನಗೂ ಏನು ವ್ಯತ್ಯಾಸ? ನಾನು ಕಟ್ಟಿ ಬರೆಯುವವಳು ಎಂದು ಒಮ್ಮೆ ಒಪ್ಪಿಕೊಂಡರೆ ಮುಂದೆ ನನ್ನ ಯಾವ ಕರಪತ್ರವನ್ನು ಯಾರು ನಂಬುತ್ತಾರೆ? ಸ್ಟೂಲಿನ ವಿಷಯ ಯಾರು ನಂಬುತ್ತಾರೆ? ನೀನು ಒಂದು ಮೇಜಿಗಾಗಿ ಎಲ್ಲ ಮೇಜುಗಳನ್ನೂ ಕೇಳುತ್ತಿದ್ದೀಯ.

ನಿನಗೆ ಅನ್ಯಾಯವಾಗಿಲ್ಲ ಎಂದು ಹೇಳುತ್ತಿಲ್ಲ. ಆಗಿದೆ. ಅದನ್ನು ಮಾಡಿದ್ದು ಕಂಪನಿ. ನನ್ನ ಗೋಂದಲ್ಲ. ನಿನ್ನನ್ನು ತೆಗೆದದ್ದನ್ನೂ ಮುಂದಿನ ಕರಪತ್ರದಲ್ಲಿ ಹಾಕುತ್ತೇನೆ.

ಇನ್ನೊಂದು ಮಾತು. ನಿನಗೆ ಒರಟಾಗಿ ಕೇಳಿಸಬಹುದು, ಆದರೆ ನಿಜ. ಜನವರಿಯಲ್ಲಿ ನಿನ್ನ ಹಿಂದೆ ಸಂಬಳವಿತ್ತು, ಪೀಜಿ ಇತ್ತು, ಅಮ್ಮ ಕೊಟ್ಟ ಒಂದು ವರ್ಷದ ಗಡುವು ಇತ್ತು. ಇಷ್ಟು ಇಟ್ಟುಕೊಂಡವಳ ಸಾಕ್ಷಿಯನ್ನು ಯಾರು ಬೇಕಾದರೂ ಹೆದರಿಸಿ ಕೊಳ್ಳಬಹುದಿತ್ತು. ಈಗ ನಿನಗೆ ಕಳೆದುಕೊಳ್ಳುವುದು ಏನೂ ಉಳಿದಿಲ್ಲ. ನನಗೆ ಬೇಕಾದ ಸಾಕ್ಷಿ ಎಂದರೆ ಹೀಗೇ ಇರಬೇಕು. ಮೊದಲ ಸಲ ನಿನ್ನನ್ನು ಪೂರ್ತಿ ನಂಬುತ್ತಿದ್ದೇನೆ.

ವೆಂಕಟ್ ಜ್ಞಾಪಿಸಿಕೊಂಡು ಬಾ ಅಂದದ್ದು ಯಾಕೆಂದು ನನಗೆ ಗೊತ್ತು, ನಿನಗೂ ಗೊತ್ತು. ಅದಕ್ಕೆ ಬಗ್ಗುವವಳು ನೀನಲ್ಲ. ಅವನ ಆ ಮಾತಿರುವ ನಿನ್ನ ಕಾಗದವನ್ನೂ ಅಲ್ಲಿ ಓದುತ್ತೇನೆ.

ಇಪ್ಪತ್ತಾರು, ಹನ್ನೊಂದು ಗಂಟೆ. ಬದಲಾದರೆ ನಾನೇ ಬೈರಕೂರಿಗೆ ಬಂದು ಎಳೆದುಕೊಂಡು ಹೋಗುತ್ತೇನೆ. ಮೆಸೇಜು ಮಾಡುವುದಿಲ್ಲ.

ಕೋಲಾರದಲ್ಲಿ ಕಾಯುವ
ಶ್ವೇತ


ಮಾಲೂರು
ಏಪ್ರಿಲ್ 4, 2025

ಶ್ವೇತ ಅವರಿಗೆ,

ಮಾರ್ಚ್ 26ರ ವಿಚಾರಣೆಯ ಬಳಿಕ ನೀವು ಬೈರಕೂರಿನ ನಮ್ಮ ಮನೆಯ ವಿಳಾಸಕ್ಕೆ ಕಳಿಸಿದ ರಿಜಿಸ್ಟರ್ ಕಾಗದವನ್ನು ನಮ್ಮ ತಾಯಿ ಭಾರತಮ್ಮನವರು ಸಹಿ ಹಾಕಿ ತೆಗೆದುಕೊಂಡು ಇಲ್ಲಿಗೆ ಕಳಿಸಿದ್ದಾರೆ. ಪೂರ್ತಿ ಓದಿದೆ. ಅದರಲ್ಲಿ ನೀವು ಒಂದೇ ಪ್ರಶ್ನೆ ಕೇಳಿದ್ದೀರಿ. ‘ಹಾಗೇಕೆ ಹೇಳಿದೆ?’

ಅಂದು ನಡೆದದ್ದನ್ನು ಮತ್ತೊಮ್ಮೆ ಬರೆಯುತ್ತೇನೆ. ಡಿಸೆಂಬರಿನಲ್ಲಿ ಏನು ನೋಡಿದೆ ಎಂದು ವಕೀಲರು ಕೇಳಿದರು. ನೀವು ಫೋನನ್ನು ವೆಂಕಟ್ ಸರ್ ಮುಖಕ್ಕೆ ಎಸೆದಿರಿ, ಅದು ಅವರ ಭುಜಕ್ಕೆ ತಾಗಿ ಕೆಳಗೆ ಬಿತ್ತು ಎಂದು ಹೇಳಿದೆ. ಆಗ ನೀವು ಎದ್ದು ನಿಂತು ಪ್ರಶ್ನೆ ಮಾಡಿದಿರಿ.

“ನನ್ನ ಕೈಯಿಂದ ಫೋನ್ ಕಿತ್ತಿದ್ದು ಯಾರು?”

“ಯಾರೂ ಕೀಳಲಿಲ್ಲ.”

“ನನ್ನ ಮುಖ ನೋಡ್ಕೊಂಡ್ ಹೇಳು ಧನೂ.”

ನಿಮ್ಮ ಮುಖ ನೋಡಿಕೊಂಡೇ ಇನ್ನೊಮ್ಮೆ ಹೇಳಿದೆ. ನೀವು ನನ್ನ ಮಾರ್ಚ್ ತಿಂಗಳ ಕಾಗದ ತೆಗೆದು ಓದಿ, ವೆಂಕಟ್ ಸರ್ ನನಗೆ ಹೇಳಿಕೊಟ್ಟಿದ್ದಾರೆ ಎಂದಿರಿ. ಜ್ಞಾಪಿಸಿಕೊಂಡು ಬಾ ಅಂದರು, ಜ್ಞಾಪಿಸಿಕೊಂಡೆ, ಎಂದು ಉತ್ತರ ಕೊಟ್ಟೆ. ಕೊನೆಗೆ ನೀವು ಕರಪತ್ರವನ್ನೇ ಎತ್ತಿ ಹಿಡಿದು, “ಕಣ್ಣಿಗೆ ಗೊತ್ತಾಗುವುದಿಲ್ಲ ಅಂತ ಇವಳೇ ಬರೆದಿದ್ದಾಳೆ, ಇವಳು ನೋಡಿದ್ದನ್ನ ಹೇಗೆ ನಂಬ್ತೀರ ಸಾರ್?” ಎಂದಿರಿ. ವಕೀಲರು, “ಮೊದ್ಲು ಸಾಕ್ಷಿ ಅಂತ ಕರೆಸಿದ್ದೇ ನೀವಲ್ಲಮ್ಮ,” ಅಂದರು. ನೀವು ಕುಳಿತುಬಿಟ್ಟಿರಿ. ಈ ಸಲ ನಗುವವರು ಯಾರೂ ಇರಲಿಲ್ಲ.

ಕರಪತ್ರದ ವಿಷಯದಲ್ಲಿ ನನ್ನ ತಪ್ಪನ್ನು ಕಂಪನಿ ದೊಡ್ಡ ಮನಸ್ಸಿನಿಂದ ಕ್ಷಮಿಸಿ ಏಪ್ರಿಲ್ ಒಂದರಿಂದ ಕೆಲಸ ಕೊಟ್ಟಿದೆ. ಈಗ ಐಫೋನ್ ಮೇಜಿನಲ್ಲಿದ್ದೇನೆ. ಮೊದಲು ನೀವಿದ್ದ ಜಾಗ. ಮದುವೆಯ ಮಾತನ್ನು ನಮ್ಮ ತಾಯಿ ಸದ್ಯಕ್ಕೆ ಕೈಬಿಟ್ಟಿದ್ದಾರೆ. ನಿಮ್ಮನ್ನು ಕೆಲಸದಿಂದ ತೆಗೆದಿರುವ ಆದೇಶವನ್ನು ನಿನ್ನೆ ಬೋರ್ಡಿಗೆ ಹಾಕಿದ್ದರು. ನಿಂತು ಓದಿದೆ.

ಕಳೆದುಕೊಳ್ಳುವುದು ನನಗೆ ಏನೂ ಉಳಿದಿಲ್ಲ ಎಂದು ನೀವು ಬರೆದಿದ್ದಿರಿ. ಅದು ನಿಮಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳುವುದಿಲ್ಲ.

ಈ ಕಾಗದವನ್ನು ಬಹಳ ಎಚ್ಚರಿಕೆಯಿಂದ ಬರೆದಿದ್ದೇನೆ. ಒಂದು ಮಾತೂ ಹೆಚ್ಚಿಲ್ಲ. ನೀವು ಫೋನನ್ನು ಎಸೆದದ್ದನ್ನು ನಾನು ಕಣ್ಣಾರೆ ನೋಡಿದೆ. ಇದನ್ನೂ ಅಚ್ಚು ಹಾಕಿಸಿ. ದಪ್ಪ ಅಕ್ಷರದಲ್ಲೇ ಹಾಕಿಸಿ. ಕೆಳಗೆ ಹೆಸರಿದೆ.

ಇಂತಿ,
ಎಂ. ಧನಶ್ರೀ
ಟೆಸ್ಟಿಂಗ್ ವಿಭಾಗ, ಮಾಲೂರು